ಮಿಲ್ಲರ್ ಪ್ರಯೋಗದಲ್ಲಿ ನಿಜವಾಗಿ ಜೀವ ಹುಟ್ಟಿತ್ತಾ?

ಇಲ್ಲ. ಹುಟ್ಟಿದ್ದು ಜೀವಕ್ಕೆ ಬೇಕಾದ ಕಚ್ಚಾ ಸಾಮಾನು, ಅಷ್ಟೇ.

ಷಿಕಾಗೋ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸ್ಟ್ಯಾನ್ಲಿ ಮಿಲ್ಲರ್, ಗುರು ಹೆರಾಲ್ಡ್ ಯೂರಿ ಮಾರ್ಗದರ್ಶನದಲ್ಲಿ, ಜೀವ ಹುಟ್ಟುವ ಮುಂಚಿನ ಭೂಮಿಯ ವಾತಾವರಣ ಹೀಗಿದ್ದಿರಬಹುದು ಎಂದು ಗಾಜಿನ ಬುರುಡೆಯಲ್ಲಿ ಮೀಥೇನ್, ಅಮೋನಿಯಾ, ಹೈಡ್ರೋಜನ್ ತುಂಬಿದರು. ಕೆಳಗೆ ಕುದಿಯುವ ನೀರು, ಮೇಲೆ ಮಿಂಚಿನ ಬದಲು ವಿದ್ಯುತ್ ಕಿಡಿ. ಒಂದೇ ವಾರದಲ್ಲಿ ನೀರು ಕೆಂಪಗಾಯಿತು. ಅದರಲ್ಲಿ ಗ್ಲೈಸಿನ್‌ನಂಥ ಅಮೈನೋ ಆಮ್ಲಗಳಿದ್ದವು, ಅಂದ್ರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳು. ಇದು ಪ್ರಕಟವಾಗಿದ್ದು 1953ರಲ್ಲಿ. ಮಜಾ ಅಂದ್ರೆ, ಮಿಲ್ಲರ್ ಎತ್ತಿಟ್ಟಿದ್ದ ಹಳೇ ಸೀಸೆಗಳಲ್ಲಿ ಇನ್ನೂ ಜಾಸ್ತಿ ಅಮೈನೋ ಆಮ್ಲಗಳು ಇದ್ದದ್ದು ಗೊತ್ತಾಗಿದ್ದು 2008ರಲ್ಲಿ, ಅವರು ತೀರಿಕೊಂಡ ಮೇಲೆ.

ಆದರೆ ಇಟ್ಟಿಗೆ ಸಿಕ್ಕ ಮಾತ್ರಕ್ಕೆ ಮನೆ ಆಗುವುದಿಲ್ಲ, ಅಲ್ವಾ? ತನ್ನ ನಕಲನ್ನು ತಾನೇ ಮಾಡಿಕೊಳ್ಳುವ ಅಣು ಬೇಕು. ಅದು ಆರ್‌ಎನ್‌ಎ (ನಮ್ಮ ಜೀವಕೋಶಗಳಲ್ಲೂ ಇರುವ, ಡಿಎನ್‌ಎಯನ್ನು ಹೋಲುವ ಅಣು) ಇರಬಹುದು ಎಂಬ ವಾದವೇ ನನಗೆ ಹೆಚ್ಚು ಹಿಡಿಸುತ್ತದೆ. ಅದು ಮಾಹಿತಿಯನ್ನೂ ಹೊರುತ್ತದೆ, ರಾಸಾಯನಿಕ ಕ್ರಿಯೆಯನ್ನೂ ನಡೆಸುತ್ತದೆ.