4294967297 ಅವಿಭಾಜ್ಯ ಸಂಖ್ಯೆಯೇ? 2 ಆಧಾರದ ಫರ್ಮಾ ಪರೀಕ್ಷೆಯಲ್ಲಿ ಪಾಸಾಗಿದೆ. ಖಚಿತ ಮಾಡಿಕೊಳ್ಳಲು ಯಾವ ಪ್ರೋಗ್ರಾಮಿಂಗ್ ಲೈಬ್ರರಿ ಒಳ್ಳೆಯದು? ಇದು ನಿಮ್ಮ ಪ್ರಶ್ನೆ.

ಇದೇ ಸಂಖ್ಯೆ, ಇದೇ ಪರೀಕ್ಷೆ ನನ್ನ ಎಂಎಸ್ಸಿ ಪ್ರಾಜೆಕ್ಟಿನಲ್ಲೂ ಇತ್ತು. ನಾನು ಅದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿ, ವರದಿ ಬೈಂಡ್ ಮಾಡಿಸಿ ಕೊಟ್ಟುಬಿಟ್ಟೆ. ವೈವಾಕ್ಕೆ ಬಂದ ಹೊರಗಿನ ಪರೀಕ್ಷಕರು ಆ ಪುಟ ತೆಗೆದು, "641ರಿಂದ ಭಾಗಿಸಿ ನೋಡಿ" ಅಂದರು. ಬೋರ್ಡಿನ ಮೇಲೆ ಭಾಗಿಸಿದೆ. 6700417 ಬಂತು, ಶೇಷ ಸೊನ್ನೆ. ಆ ಅಧ್ಯಾಯದ ಅಂಕ ಪೂರ್ತಿ ಹೋಯಿತು, ಅದರ ಜೊತೆ ನನ್ನ ರ‍್ಯಾಂಕೂ ಹೋಯಿತು.

ಪ್ರೋಗ್ರಾಮಿನಲ್ಲಿ ಏನೂ ದೋಷ ಇರಲಿಲ್ಲ. 2ನ್ನು ಆಧಾರವಾಗಿ ತೆಗೆದುಕೊಂಡಿದ್ದೇ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫರ್ಮಾ ಪರೀಕ್ಷೆ ಅಂದರೆ ಇಷ್ಟೇ: n ಅವಿಭಾಜ್ಯವಾಗಿದ್ದರೆ, 2ರ (n−1)ನೇ ಘಾತವನ್ನು nನಿಂದ ಭಾಗಿಸಿದಾಗ ಶೇಷ 1 ಬರಬೇಕು (n ಬೆಸ ಸಂಖ್ಯೆ ಅಂತ ಇಟ್ಟುಕೊಳ್ಳಿ). ನಮ್ಮ n ಅಂದರೆ 2³² + 1. ಹಾಗಾಗಿ 2³²ಕ್ಕೆ ಶೇಷ −1 ಇದ್ದ ಹಾಗೆ. ವರ್ಗ ಮಾಡಿದರೆ 2⁶⁴ಕ್ಕೆ ಶೇಷ 1. ಈಗ ಪರೀಕ್ಷೆ ಕೇಳುವ ಘಾತ n−1, ಅಂದರೆ 2³². ಅದು 64ರಿಂದ ಸರಿಯಾಗಿ ಭಾಗವಾಗುತ್ತದೆ. ಶೇಷ 1 ಬರಲೇಬೇಕು! n ಅವಿಭಾಜ್ಯವೋ ಅಲ್ಲವೋ, ಇಲ್ಲಿ ಅದರ ಪ್ರಶ್ನೆಯೇ ಬರುವುದಿಲ್ಲ. ಇದಕ್ಕಿಂತ ಬಿಗಿಯಾದ ಮಿಲ್ಲರ್–ರಾಬಿನ್ ಪರೀಕ್ಷೆಯನ್ನು 2 ಆಧಾರದಲ್ಲಿ ಮಾಡಿದರೂ ಇದೇ ಕಥೆ. ಆಧಾರ 3 ಮಾಡಿ ನೋಡಿ: ಶೇಷ 3029026160, 1 ಅಲ್ಲ. ಅಂದರೆ n ಅವಿಭಾಜ್ಯವಲ್ಲ, ಅಲ್ಲಿಗೆ ಮುಗಿಯಿತು.

ಅದಕ್ಕೇ ಲೈಬ್ರರಿ ಯಾವುದು ಅನ್ನೋ ಪ್ರಶ್ನೆಯೇ ಇಲ್ಲಿ ಬೇಡ ಅಂತೀನಿ. ಮೊದಲು ಸಂಖ್ಯೆಯ ರಚನೆ ನೋಡಿ. 2¹ + 1, 2² + 1, 2⁴ + 1, 2⁸ + 1, 2¹⁶ + 1, ಹೀಗೆ ಘಾತ ದುಪ್ಪಟ್ಟಾಗುತ್ತಾ ಹೋಗುವ ಸಂಖ್ಯೆಗಳೇ ಫರ್ಮಾ ಸಂಖ್ಯೆಗಳು. ಅಂದರೆ 3, 5, 17, 257, 65537; ಈ ಐದೂ ಅವಿಭಾಜ್ಯಗಳು. ಮುಂದಿನದೂ, ಅಂದರೆ ನಮ್ಮ 2³² + 1 ಕೂಡ, ಹಾಗೇ ಇರುತ್ತದೆ ಅಂತ 1640ರ ಸುಮಾರಿಗೆ ಫರ್ಮಾ ನಂಬಿದ್ದರು. 1732ರಲ್ಲಿ ಆಯ್ಲರ್ ಅದನ್ನು ಸುಳ್ಳು ಮಾಡಿದರು. ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಭಾಜಕ 64k + 1 ರೂಪದಲ್ಲೇ ಇರಬೇಕು ಅನ್ನೋದು ಅವರ ಫಲಿತಾಂಶ. ಆ ರೂಪದ ಅವಿಭಾಜ್ಯಗಳು 193, 257, 449, 577, 641. ಐದೇ ಭಾಗಾಕಾರ, ಪೆನ್ನು ಕಾಗದ ಸಾಕು.

ಭಾಗಿಸದೆಯೂ ತೋರಿಸಬಹುದು. 641 ಅಂದರೆ 5 × 2⁷ + 1, ಹಾಗೇ 5⁴ + 2⁴ ಕೂಡ. 641ರಿಂದ ಭಾಗಿಸಿದರೆ, ಮೊದಲನೆಯದರಿಂದ 5 × 2⁷ಕ್ಕೆ ಶೇಷ −1, ನಾಲ್ಕನೇ ಘಾತ ಮಾಡಿದರೆ 5⁴ × 2²⁸ಕ್ಕೆ 1. ಎರಡನೆಯದರಿಂದ 5⁴ರ ಜಾಗಕ್ಕೆ −2⁴ ಹಾಕಿ. 2³²ಕ್ಕೆ ಶೇಷ −1 ಅಂತ ಬಂತು, ಅಂದರೆ 2³² + 1 ಅನ್ನು 641 ಭಾಗಿಸುತ್ತದೆ, ಅಲ್ವಾ? ಎಷ್ಟು ಸಲ ಬರೆದರೂ ನನಗೆ ಇದು ಬೇಜಾರಾಗಿಲ್ಲ.

ನೀವು ಸಂಖ್ಯೆಗಳ ಕೋಷ್ಟಕ ಮಾಡುತ್ತಿದ್ದರೆ ಹೀಗೆ ಹಾಕಿ: ಫರ್ಮಾ ಸಂಖ್ಯೆ, ಎರಡು ಅವಿಭಾಜ್ಯಗಳ ಗುಣಲಬ್ಧ, 2 ಆಧಾರದಲ್ಲಿ ಹುಸಿ ಅವಿಭಾಜ್ಯ (ಪರೀಕ್ಷೆ ಪಾಸಾದರೂ ಅವಿಭಾಜ್ಯವಲ್ಲದ್ದು). ಕಾರ್ಮೈಕಲ್ ಸಂಖ್ಯೆ (ತನ್ನೊಂದಿಗೆ ಸಾಮಾನ್ಯ ಭಾಜಕ ಇಲ್ಲದ ಎಲ್ಲ ಆಧಾರಗಳಲ್ಲೂ ಪಾಸಾಗುವ ಹುಸಿ ಅವಿಭಾಜ್ಯ) ಅಂತ ಮಾತ್ರ ಹಾಕಬೇಡಿ, ಅದಕ್ಕೆ ಕನಿಷ್ಠ ಮೂರು ಅವಿಭಾಜ್ಯ ಭಾಜಕಗಳು ಬೇಕು. ಎರಡು ವರ್ಗಗಳ ಮೊತ್ತವಾಗಿ ಇದನ್ನು ಎರಡು ರೀತಿ ಬರೆಯಬಹುದು: 65536² + 1² ಮತ್ತು 62264² + 20449². ಅವಿಭಾಜ್ಯಕ್ಕೆ ಹೆಚ್ಚೆಂದರೆ ಒಂದೇ ರೀತಿ ಸಾಧ್ಯ, ಹಾಗಾಗಿ ಇದೂ ಒಂದು ಪುರಾವೆ.

ಇದಾದ ಮೇಲೆ 2⁶⁴ + 1 ತೆಗೆದುಕೊಳ್ಳಿ. 2 ಆಧಾರ ಅಲ್ಲೂ ಪಾಸ್ ಮಾಡಿಸುತ್ತದೆ. ಅಲ್ಲಿ ಭಾಜಕಗಳು 256k + 1 ರೂಪದಲ್ಲಿರುತ್ತವೆ. k = 1071 ತನಕ ಹೋಗಬೇಕು, ಅದಕ್ಕೆ ಬೇಕಾದರೆ ಕಂಪ್ಯೂಟರ್ ಬಳಸಿ.