ಬಾಲ್ಕನಿಯ ಜಿರೇನಿಯಂ ಯಾವ ಮನೆತನದ್ದು?

ಪ್ರಶ್ನೆ: ನರ್ಸರಿಯಿಂದ ಕೆಂಪು ಹೂವಿನ ಜಿರೇನಿಯಂ ತಂದೆ. ಬಿ.ಎಸ್ಸಿ. ಓದುತ್ತಿರುವ ಮಗಳು ‘ಅಮ್ಮಾ, ಇದು ಜಿರೇನಿಯಂ ಅಲ್ಲವೇ ಅಲ್ಲ, ಪೆಲಾರ್ಗೋನಿಯಂ’ ಅನ್ನುತ್ತಾಳೆ. ನಮ್ಮ ತಂದೆಯವರ ಹಳೇ ಪುಸ್ತಕ ತೆಗೆದರೆ ಕರ್ಣಕುಂಡಲ, ಧಾರೆಹುಳಿ ಕೂಡ ಜಿರೇನಿಯಂ ಕುಟುಂಬದಲ್ಲೇ ಇವೆ! ಯಾರ ಮಾತು ನಂಬಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ಮಗಳ ಮಾತು ನಂಬಿ. ಹಾಗಂತ ನರ್ಸರಿಯವರನ್ನು ಬೈಯಬೇಡಿ, ಅವರು ಹೇಳಿದ್ದು ಗಿಡಗಳಿಗೆ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಇಟ್ಟ ಹೆಸರು. 1753ರಲ್ಲಿ ಆತ ನಿಮ್ಮ ಮಗಳು ಹೇಳುವ ಪೆಲಾರ್ಗೋನಿಯಂಗಳನ್ನೂ ಜಿರೇನಿಯಂ ಅನ್ನುವ ಒಂದೇ ಕುಲಕ್ಕೆ (ಹತ್ತಿರದ ಪ್ರಭೇದಗಳ ಗುಂಪಿಗೆ) ತುಂಬಿದ್ದ. ಆಫ್ರಿಕಾದ ಗಿಡಗಳು ಬೇರೆ ಥರ ಇವೆ ಅಂತ ಸಸ್ಯವಿಜ್ಞಾನಿ ಡಿಲೇನಿಯಸ್ 1732ರಲ್ಲೇ ಹೇಳಿದ್ದರೂ ಲಿನೇಯಸ್ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ 1789ರಲ್ಲಿ ಫ್ರಾನ್ಸಿನ ಲೆರಿಟಿಯೇ ಪೆಲಾರ್ಗೋನಿಯಂ ಮತ್ತು ಎರೋಡಿಯಂ ಎಂಬ ಕುಲಗಳನ್ನು ಬೇರೆ ಮಾಡಿದ. ಅಷ್ಟು ಹೊತ್ತಿಗೆ ತೋಟಗಾರರ ಬಾಯಲ್ಲಿ ಹಳೇ ಹೆಸರು ಕೂತಾಗಿತ್ತು.

ಪುಸ್ತಕ ಬೇಡ, ಬ್ಲೇಡು ತನ್ನಿ. ಕಾಲೇಜಿನಲ್ಲಿ ಮಕ್ಕಳಿಗೆ ನಾನು ಇದನ್ನೇ ಮಾಡಿಸುತ್ತಿದ್ದೆ. ಒಂದು ಹೂವನ್ನು ತೊಟ್ಟಿನ ಸಮೇತ ಕಿತ್ತು, ಹೂವಿನ ಸ್ವಲ್ಪ ಕೆಳಗೆ ತೊಟ್ಟನ್ನು ಅಡ್ಡಕ್ಕೆ ಕೊಯ್ಯಿರಿ. ಒಂದು ಬದಿಯಲ್ಲಿ ಸಣ್ಣ ತೂತು ಕಾಣುತ್ತದೆ. ಅದು ಮಕರಂದದ ನಳಿಗೆ. ತೊಟ್ಟಿಗೇ ಅಂಟಿಕೊಂಡಿರುವುದರಿಂದ ಹೊರಗಿನಿಂದ ಗೊತ್ತಾಗುವುದಿಲ್ಲ. ಅದು ಮುಗಿಯುವ ಕಡೆ ತೊಟ್ಟಿನ ಮೇಲೆ ಪುಟ್ಟ ಉಬ್ಬು ಇರುತ್ತದೆ, ಅಷ್ಟೇ. ಈ ನಳಿಗೆ ಇದ್ದರೆ ಪೆಲಾರ್ಗೋನಿಯಂ. ನಿಜವಾದ ಜಿರೇನಿಯಂಗೆ ಇದು ಇಲ್ಲ. ಅದರ ಐದೂ ಎಸಳು ಒಂದೇ ಥರ, ಹತ್ತು ಕೇಸರಗಳಲ್ಲೂ ಪರಾಗ. ಪೆಲಾರ್ಗೋನಿಯಂನಲ್ಲಿ ಪರಾಗ ಬಿಡುವುದು ಹೆಚ್ಚೆಂದರೆ ಏಳು. ಎರೋಡಿಯಂನಲ್ಲಿ ಐದೇ.

ನಿಮ್ಮ ಕುಂಡದ ಗಿಡದ ತವರು ದಕ್ಷಿಣ ಆಫ್ರಿಕಾ. ಅಲ್ಲಿನ ಎರಡು ಪ್ರಭೇದಗಳನ್ನು ಬೆರೆಸಿ ಮಾಡಿದ ತಳಿ ಅದು. ಎಲೆ ಉಜ್ಜಿದರೆ ಗುಲಾಬಿ ವಾಸನೆ ಬರುತ್ತದಲ್ಲ, ಎಣ್ಣೆ ತೆಗೆಯುವ ‘ಜಿರೇನಿಯಂ’, ಅದೂ ಪೆಲಾರ್ಗೋನಿಯಮ್ಮೇ. ಅಸಲಿ ಜಿರೇನಿಯಂ ನೋಡಬೇಕಾ? ನೀಲಗಿರಿಗೆ ಹೋದಾಗ ಹುಲ್ಲಿನ ನಡುವೆ ಬಗ್ಗಿ ಹುಡುಕಿ. ಜಿರೇನಿಯಂ ನೆಪಾಲೆನ್ಸ್ ಅಂತ ಸಣ್ಣ, ತಿಳಿಗುಲಾಬಿ ಹೂವಿನ ಗಿಡ ಅಲ್ಲಿದೆ. ಬಾಲ್ಕನಿಯ ಬೆಡಗು ಅದಕ್ಕಿಲ್ಲ, ಆದರೆ ನನಗೆ ಅದೇ ಇಷ್ಟ.

ಇನ್ನು ತಂದೆಯವರ ಪುಸ್ತಕ. ಅದೂ ಸುಮ್ನೆ ಬರೆದದ್ದಲ್ಲ. 1870ರ ದಶಕದಲ್ಲಿ ಸಸ್ಯವಿಜ್ಞಾನಿ ಹೂಕರ್ ಬ್ರಿಟಿಷ್ ಇಂಡಿಯಾದ ಸಸ್ಯಗಳ ಗ್ರಂಥ ತಂದಾಗ ಪುಲ್ಲಂಪುರಚಿ (ಹುಳಿ ಎಲೆಯ ಪುಟ್ಟ ಕಳೆಗಿಡ), ಧಾರೆಹುಳಿ, ಕರ್ಣಕುಂಡಲ ಮೂರನ್ನೂ ಜಿರೇನಿಯಂ ಕುಟುಂಬದಲ್ಲೇ ಇಟ್ಟಿದ್ದರು. ಎಷ್ಟೋ ಕಾಲ ನಮ್ಮ ಪಠ್ಯಗಳು ಅದನ್ನೇ ಹಿಡಿದವು. ಐದೈದರ ಲೆಕ್ಕದ ಹೂವು, ಧಾರೆಹುಳಿ ಬಿಟ್ಟರೆ ಸಿಡಿಯುವ ಕಾಯಿ, ಹೋಲಿಕೆ ಇದೆ ಅಲ್ವಾ? ಆದರೆ ಸಿಡಿಯುವ ರೀತಿ ನೋಡಿ. ಕರ್ಣಕುಂಡಲದ ಕಾಯಿ ಹಸಿಯಾಗಿದ್ದಾಗಲೇ ಸಿಡಿಯುತ್ತದೆ. ಅದರ ಗೋಡೆಯಲ್ಲಿ ನೀರು ಬಿಗಿದು ತುಂಬಿರುತ್ತದೆ, ಮುಟ್ಟಿದರೆ ಸಾಕು. ಜಿರೇನಿಯಂ ಕಾಯಿ ಒಣಗಬೇಕು. ಅದರ ತುದಿ ಕೊಕ್ಕರೆಯ ಕೊಕ್ಕಿನಂತೆ ಉದ್ದ. ಒಣಗಿದಾಗ ಆ ಕೊಕ್ಕು ಐದು ಪಟ್ಟಿಗಳಾಗಿ ಸೀಳಿ, ಮೇಲಕ್ಕೆ ಸುರುಳಿಗೊಂಡು ಬೀಜ ಎಸೆಯುತ್ತದೆ. ಎರೋಡಿಯಂನ ಪಟ್ಟಿ ತೇವಕ್ಕೆ ಬಿಚ್ಚಿ, ಒಣಗಿದಾಗ ತಿರುಚಿ, ಬೀಜವನ್ನು ಮಣ್ಣೊಳಗೆ ಕೊರೆದು ಇಳಿಸುತ್ತದೆ.

ಡಿಎನ್‌ಎ ಹೋಲಿಸಿ ನೋಡಿದ ಮೇಲೆ ಹಳೇ ಕೂಡುಕುಟುಂಬ ಪೂರ್ತಿ ಒಡೆಯಿತು. ಧಾರೆಹುಳಿ, ಪುಲ್ಲಂಪುರಚಿ ಒಟ್ಟಿಗೇ ಬೇರೆ ಗಣಕ್ಕೆ (ಹಲವು ಕುಟುಂಬಗಳ ದೊಡ್ಡ ಗುಂಪಿಗೆ) ಹೋದವು. ಕರ್ಣಕುಂಡಲ ಈಗ ಟೀ, ಸಪೋಟಗಳ ಗಣದಲ್ಲಿದೆ. ಒಂದು ಕಾಲಕ್ಕೆ ಇವರ ಜೊತೆಗಿದ್ದ ನಾಸ್ಟರ್ಷಿಯಂ ಎಂಬ ತೋಟದ ಹೂಗಿಡ ಸಾಸಿವೆ, ನುಗ್ಗೆಯ ಕಡೆಯದು ಅಂತಾಯಿತು. ಜಿರೇನಿಯಂ ಕುಟುಂಬದಲ್ಲಿ ಈಗ ಉಳಿದಿರುವುದು ಎಂಟುನೂರು ಚಿಲ್ಲರೆ ಪ್ರಭೇದ. ಬಹುಪಾಲು ಕೊಕ್ಕಿನವೇ.

ನಿಮ್ಮ ಗಿಡದಲ್ಲೂ ಕೊಕ್ಕು ನೋಡಬಹುದು. ಸುತ್ತುಸುತ್ತು ಎಸಳಿನ ಹೂವಾದರೆ ಆಸೆ ಬಿಡಿ, ಅದರಲ್ಲಿ ಕೇಸರಗಳು ಎಸಳಾಗಿ ಮಾರ್ಪಟ್ಟಿರುತ್ತವೆ, ಕಾಯಿ ಕಟ್ಟುವುದು ಅಪರೂಪ. ಐದೇ ಎಸಳಿನದಾದರೆ ಒಂದು ಗೊಂಚಲಿನ ಬಾಡಿದ ಹೂಗಳನ್ನು ಚಿವುಟದೆ ಬಿಡಿ. ಕಾಯಿ ಕಟ್ಟಿ ಒಣಗಿದರೆ ಪಟ್ಟಿಗಳ ಒಳಮೈಯಲ್ಲಿ ಬಿಳಿ ನವಿರು ಕಾಣುತ್ತದೆ. ಪೆಲಾರ್ಗೋನಿಯಂ ಬೀಜ ಎಸೆಯುವುದಿಲ್ಲ, ಗಾಳಿಗೆ ಬಿಡುತ್ತದೆ. ಫ್ಯಾನ್ ಆಫ್ ಮಾಡಿ ನೋಡಿ.