ಅಪ್ಪಾಜಿಯ ಪದ್ಮಿನಿ, ಅವ್ವನ ಬಳೆ

ಆಪ್ತಸಲಹೆಗಾಗಿ ನನ್ನಲ್ಲಿಗೆ ಬಂದ ಒಂದು ಮನೆಯ ಪ್ರಕರಣವಿದು. ಇದನ್ನು ಬರೆಯಲು ಆ ಮನೆಯವರೆಲ್ಲರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ವಯಸ್ಸು, ಉದ್ಯೋಗ ಮುಂತಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹೆಸರುಗಳಿಲ್ಲ, ಮಗಳು, ತಾಯಿ, ತಮ್ಮ ಎಂದಷ್ಟೇ ಕರೆಯುತ್ತೇನೆ.

ಮಗಳು ದಾವಣಗೆರೆಯ ಕಾಲೇಜೊಂದರಲ್ಲಿ ಉಪನ್ಯಾಸಕಿ, ನಲವತ್ತು ದಾಟಿದವರು. ಅವರನ್ನು ಕರೆತಂದವರು ಅವರ ಪತಿ. ತಂದೆ ತೀರಿಕೊಂಡು ಆಗ ಹತ್ತು ತಿಂಗಳಾಗಿತ್ತು. "ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಮೇಡಂ. ಒಂದು ಹಳೆಯ ಸೀಟಿಗಾಗಿ ಗ್ಯಾರೇಜಿನಲ್ಲಿ ನೆಲಕ್ಕೆ ಕುಳಿತು ಅತ್ತಿದ್ದಾಳೆ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಿಗಿಲಿತ್ತು.

ತಂದೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ನಡೆಸಿದವರು. ಅವರದು 1982ರ ಪ್ರೀಮಿಯರ್ ಪದ್ಮಿನಿ. ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ, ಇಟಲಿಯ ಫಿಯೆಟ್ 1100ರ ವಂಶದ ಕಾರು. 1974ರಲ್ಲೇ ಪದ್ಮಿನಿ ಎಂಬ ಹೆಸರು ಬಂದಿದ್ದರೂ ನಮ್ಮ ಕಡೆ ಅದನ್ನು ಫಿಯೆಟ್ ಎಂದೇ ಕರೆಯುತ್ತಿದ್ದರು. ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲವದು. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರಿನ ಹಿಡಿ. ಮಗಳು ಕಾರು ಕಲಿತದ್ದು ಅದರಲ್ಲೇ, ಹೈಸ್ಕೂಲ್ ಮೈದಾನದಲ್ಲಿ, ತಂದೆಯ ಪಕ್ಕದಲ್ಲಿ ಕುಳಿತು. ಹದಿನೈದು ವರ್ಷಗಳಿಂದ ಅದು ಮನೆಯ ಹಿಂದಿನ ಶೆಡ್ಡಿನಲ್ಲಿ ನಿಂತಿತ್ತು. ಕೊನೆಯ ದಿನಗಳಲ್ಲಿ ತಂದೆ "ಒಂದು ಸಲ ಅದನ್ನು ಸ್ಟಾರ್ಟ್ ಮಾಡಿಸಿ" ಎನ್ನುತ್ತಿದ್ದರಂತೆ. "ರಜೆ ಬರಲಿ ಅಪ್ಪಾಜಿ" ಎಂದು ಮಗಳು ಮುಂದೂಡುತ್ತ ಬಂದರು. ರಜೆ ಬರುವ ಮೊದಲೇ ತಂದೆ ಹೋದರು.

ತೀರಿಕೊಂಡವರಿಗಾಗಿ ಮಾಡುವ ಶಿವಗಣಾರಾಧನೆ ಮುಗಿದ ಮರುವಾರವೇ ಗಾಡಿಯನ್ನು ಗ್ಯಾರೇಜಿಗೆ ಸಾಗಿಸಲಾಯಿತು. ವರ್ಷದ ಪುಣ್ಯಸ್ಮರಣೆಯ ದಿನ ಅದು ಶೋರೂಮಿನಿಂದ ಬಂದಂತೆ ಹೊಳೆಯುತ್ತ ಮನೆಯ ಮುಂದೆ ನಿಲ್ಲಬೇಕು ಎಂದು ಮಗಳು ಹಟ ತೊಟ್ಟಿದ್ದರು. ಕಾಲೇಜು ಬಿಟ್ಟೊಡನೆ ಗ್ಯಾರೇಜು, ರಾತ್ರಿ ಎರಡರವರೆಗೂ ಮೊಬೈಲಿನಲ್ಲಿ ಬಿಡಿಭಾಗಗಳ ಹುಡುಕಾಟ. ಕೈಯಲ್ಲಿದ್ದ ಹಣ ಮುಗಿದಾಗ ತಮ್ಮ ಬಂಗಾರವನ್ನು ಬ್ಯಾಂಕಿನಲ್ಲಿ ಅಡವಿಟ್ಟು ಎರಡು ಲಕ್ಷ ಎಂಬತ್ತು ಸಾವಿರ ತಂದರು. ಪತಿಗೆ ತಿಳಿದದ್ದು ಆಮೇಲೆ. ಗಾಡಿಯನ್ನು ಮಾರೋಣ ಎಂದನೆಂದು ತಮ್ಮನೊಡನೆ ಮಾತು ಬಿಟ್ಟಾಗಿತ್ತು. ತಾಯಿಯೋ, ಒಮ್ಮೆಯೂ ಗ್ಯಾರೇಜಿಗೆ ಬಂದಿರಲಿಲ್ಲ. "ಅವ್ವನಿಗೆ ಅಪ್ಪಾಜಿಯ ಮೇಲೆ ಪ್ರೀತಿಯೇ ಇರಲಿಲ್ಲವೇನೋ ಅನ್ನಿಸುತ್ತದೆ ಮೇಡಂ" ಎಂದು ಮಗಳು ಬಹಳ ಕಷ್ಟದಿಂದ ಹೇಳಿದರು.

ಇನ್ನು ಸೀಟಿನ ವಿಷಯ. ತಂದೆಗೆ ನಶ್ಯದ ಅಭ್ಯಾಸ. ಓಡಿಸುವವರ ಸೀಟಿನ ರೆಕ್ಸಿನ್ ಬಿರಿದು, ಒಳಗಿನ ನಾರಿಗೆಲ್ಲ ನಶ್ಯದ ವಾಸನೆ ಹಿಡಿದಿತ್ತು. ಕೆಲಸ ನೋಡಲು ಹೋದಾಗಲೆಲ್ಲ ಮಗಳು ಐದು ನಿಮಿಷ ಆ ಸೀಟಿನಲ್ಲಿ ಕುಳಿತು ಬರುತ್ತಿದ್ದರು. ಒಂದು ಸಂಜೆ ಹೋಗಿ ನೋಡಿದರೆ ಹೊಸ ಕುಷನ್, ಹೊಸ ಹೊದಿಕೆ. ಹಳೆಯದು ಗುಜರಿಗೆ ಹೋಗಿಯಾಗಿತ್ತು. "ಎಲ್ಲವೂ ಹೊಸದರಂತೆ ಆಗಬೇಕು ಎಂದವರು ನೀವೇ ಅಲ್ಲವೇ ಅಕ್ಕ" ಎಂದು ಮೇಸ್ತ್ರಿ ಕಂಗಾಲಾದರಂತೆ. ಅವರ ತಪ್ಪೇನೂ ಇಲ್ಲ.

ಸೀಟಿಗಾಗಿ ಅತ್ತದ್ದನ್ನು ನಾನು ಅತಿರೇಕ ಎಂದು ಎಣಿಸಲಿಲ್ಲ. ಬೇರೆ ಇಂದ್ರಿಯಗಳಿಗೆ ಹೋಲಿಸಿದರೆ ವಾಸನೆಯ ಸಂದೇಶ ಮಿದುಳಿನಲ್ಲಿ ಭಾವನೆ ಮತ್ತು ನೆನಪಿನ ಕೇಂದ್ರಗಳನ್ನು ಬಹಳ ನೇರವಾಗಿ ತಲುಪುತ್ತದೆ. ಫೋಟೋ ನೋಡಿದಾಗ ನೆನಪಾಗುವ ತಂದೆಗೂ ನಶ್ಯದ ವಾಸನೆ ಮೂಗಿಗೆ ಬಡಿದಾಗ ಪಕ್ಕದಲ್ಲೇ ಕುಳಿತಂತೆ ಅನ್ನಿಸುವ ತಂದೆಗೂ ಅಂತರವಿದೆ. ಆ ಸಂಜೆ ಅವರು ಎರಡನೆಯ ಬಾರಿ ತಂದೆಯನ್ನು ಕಳೆದುಕೊಂಡರು. ಅದಕ್ಕೆ ಕಾರಣವಾದದ್ದು ತಂದೆಗಾಗಿ ಅವರೇ ಹಿಡಿದ ಕೆಲಸ ಎಂಬುದು ಇನ್ನೂ ದೊಡ್ಡ ನೋವು.

ಪತಿ ನನ್ನಿಂದ ನಿರೀಕ್ಷಿಸಿದ್ದು "ಗಾಡಿಯನ್ನು ಬಿಟ್ಟುಬಿಡಿ" ಎಂಬ ಮಾತನ್ನು. ನಾನು ಹಾಗೆ ಹೇಳಲಿಲ್ಲ. ತೀರಿಕೊಂಡವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದೇ ಶೋಕದ ಗುರಿ ಎಂಬ ನಂಬಿಕೆ ಮನಶ್ಶಾಸ್ತ್ರದಲ್ಲಿ ಬಹುಕಾಲ ಇತ್ತು. 1996ರಲ್ಲಿ ಶೋಕದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಡೆನಿಸ್ ಕ್ಲಾಸ್ ಮತ್ತು ಸಂಗಡಿಗರು ಅದನ್ನು ಪ್ರಶ್ನಿಸಿದರು: ಸಂಬಂಧ ಕಡಿದುಹೋಗುವುದಿಲ್ಲ, ರೂಪ ಬದಲಿಸಿ ಮುಂದುವರಿಯುತ್ತದೆ, ಅದು ಕಾಯಿಲೆಯಲ್ಲ ಎಂದರು. ನಮ್ಮ ಮನೆಗಳಿಗೆ ಇದು ಹೊಸ ವಿಚಾರವಲ್ಲ. ಮನೆತನದ ಪದ್ಧತಿಯಂತೆ ಮಹಾಲಯ ಅಮಾವಾಸ್ಯೆಗೋ ದೀಪಾವಳಿಗೋ ಹಿರಿಯರಿಗೆ ಎಡೆ ಇಡುತ್ತೇವೆ, ಅವರಿಗೆ ಇಷ್ಟವಾಗಿದ್ದ ಅಡುಗೆಯನ್ನೇ ಮಾಡುತ್ತೇವೆ. ಆದರೆ ಎಡೆ ಎತ್ತಿದ ಮೇಲೆ ಮನೆಯವರೆಲ್ಲ ಕುಳಿತು ಊಟವನ್ನೂ ಮಾಡುತ್ತೇವೆ. 1999ರಲ್ಲಿ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಮನಶ್ಶಾಸ್ತ್ರಜ್ಞರು ಹೇಳಿದ್ದೂ ಹೆಚ್ಚುಕಡಿಮೆ ಇದೇ. ಶೋಕದಲ್ಲಿರುವವರು ಒಮ್ಮೆ ಅಗಲಿಕೆಯ ಕಡೆಗೆ, ಒಮ್ಮೆ ಬದುಕಿನ ಕಡೆಗೆ ತಿರುಗುತ್ತಿರಬೇಕು; ಈ ಹೋಗಿಬರುವಿಕೆ ನಿಂತಾಗ ತೊಂದರೆ. ಈ ಮಗಳ ವಿಷಯದಲ್ಲಿ ನಿಂತದ್ದು ಅದೇ. ಪಾಠ ಮಾಡುತ್ತಿದ್ದರು, ಮಕ್ಕಳ ಶಾಲೆಯ ಕೆಲಸ ನೋಡುತ್ತಿದ್ದರು, ಆದರೆ ಮನಸ್ಸು ಗ್ಯಾರೇಜಿನಿಂದ ಹೊರಗೆ ಬರುತ್ತಿರಲಿಲ್ಲ. ದೀರ್ಘಕಾಲಿಕ ಶೋಕದ ಕಾಯಿಲೆ ಎಂದು ಹೆಸರಿಡುವಷ್ಟು ಲಕ್ಷಣಗಳು ನನಗೆ ಕಾಣಲಿಲ್ಲ. ನಿದ್ದೆ, ಹಣ, ಒಡಹುಟ್ಟಿದವನ ಸಂಬಂಧ ಈ ಮೂರೂ ಹಾಳಾಗುತ್ತಿದ್ದವು. ಆಪ್ತಸಲಹೆಗೆ ಅಷ್ಟೇ ಸಾಕು.

ತಾಯಿಯನ್ನು ಒಬ್ಬರನ್ನೇ ಭೇಟಿಯಾಗಬೇಕು ಎಂದು ಕೇಳಿಕೊಂಡೆ. ಬಂದರು. ಬಹಳ ಹೊತ್ತು ಸೆರಗಿನ ಅಂಚನ್ನು ಮಡಿಸುತ್ತ, ಬಿಚ್ಚುತ್ತ ಕುಳಿತಿದ್ದರು. "ಅಮ್ಮಾ, ಆ ಗಾಡಿಯ ಬಗ್ಗೆ ನಿಮಗೆ ಏನನ್ನಿಸುತ್ತದೆ?" ಎಂದು ಕೇಳಿದೆ.

"ಅದು ನನ್ನ ನಾಲ್ಕು ಬಳೆ" ಎಂದರು.

ಗಾಡಿ ಬಿಡಿಸಿಕೊಳ್ಳಲು ಹಣ ಸಾಲದೆ ಬಂದಾಗ ತವರಿನವರು ಹಾಕಿದ್ದ ನಾಲ್ಕು ಬಂಗಾರದ ಬಳೆಗಳನ್ನು ಅವರು ಬಿಚ್ಚಿಕೊಟ್ಟಿದ್ದರು. ಎರಡು ವರ್ಷದಲ್ಲಿ ಮಾಡಿಸಿಕೊಡುತ್ತೇನೆ ಎಂದಿದ್ದ ಗಂಡ ಮಾಡಿಸಿಕೊಡಲಿಲ್ಲ. ಒಂದು ವರ್ಷ ಬರ, ಇನ್ನೊಂದು ವರ್ಷ ಮಗಳ ಓದು, ಆಮೇಲೆ ಮದುವೆ. "ಕೆಟ್ಟವರಲ್ಲ ಮೇಡಂ, ಮರೆತರು. ನಾನೂ ನೆನಪಿಸಲಿಲ್ಲ. ಈಗ ಮಗಳ ಬಂಗಾರವೂ ಅದೇ ಗಾಡಿಗೆ ಹೋಯಿತು ಎಂದು ಅಳಿಯ ಹೇಳಿದಾಗ ನನ್ನ ಎದೆ ಒಡೆಯಿತು. ಸತ್ತವರ ಮೇಲೆ ದೂರು ಹೇಳಬಾರದು ಎಂದು ಬಾಯಿ ಮುಚ್ಚಿಕೊಂಡಿದ್ದೇನೆ."

ಇಡೀ ಪ್ರಕರಣದ ಗಂಟು ಇಲ್ಲಿತ್ತು. ಪ್ರೀತಿಯಿಲ್ಲ ಎಂದು ಮಗಳು ಓದಿಕೊಂಡ ಮೌನ, ನಲವತ್ತು ವರ್ಷಗಳ ಒಂದು ನೋವನ್ನು ಗಂಡನ ಗೌರವಕ್ಕಾಗಿ ನುಂಗಿಕೊಂಡ ಮೌನವಾಗಿತ್ತು. ನಮ್ಮ ಮನೆಗಳಲ್ಲಿ ತೀರಿಹೋದವರಿಗೆ ಹಾರ ಹಾಕಿದ ಕೂಡಲೇ ಅವರ ಕುಂದುಕೊರತೆಗಳ ಮಾತು ನಿಂತುಹೋಗುತ್ತದೆ. ಆ ಕೊರತೆಗಳಿಂದ ನೊಂದವರು ಮಾತ್ರ ಬದುಕಿರುತ್ತಾರೆ, ಅಡುಗೆಮನೆಯಲ್ಲಿ ಒಬ್ಬರೇ. ಗಂಡಸರ ಗಾಡಿ, ಅಂಗಡಿ, ಸೈಟುಗಳ ಹಿಂದೆ ಹೆಣ್ಣುಮಕ್ಕಳ ಬಂಗಾರ ಎಷ್ಟಿದೆ ಎಂಬುದನ್ನು ಈ ಕೆಲಸದಲ್ಲಿ ಮತ್ತೆ ಮತ್ತೆ ನೋಡುತ್ತೇನೆ. ಆ ಬಂಗಾರ ಯಾವ ಸ್ಮಾರಕದಲ್ಲೂ ಕಾಣುವುದಿಲ್ಲ.

ತಾಯಿಯ ಒಪ್ಪಿಗೆ ಪಡೆದು ಇಬ್ಬರನ್ನೂ ಎದುರುಬದುರು ಕೂರಿಸಿದೆ. ಹೇಳಬೇಕಾದದ್ದನ್ನು ತಾಯಿಯೇ ಹೇಳಿದರು. ಮಗಳು ಮೊದಲು ಕೇಳಿದ್ದು "ಯಾಕೆ ಹೇಳಲಿಲ್ಲ ಅವ್ವ?" ಎಂದು. "ನೀನು ಅವರ ಮಗಳು" ಎಂದರು ತಾಯಿ. ಆಮೇಲೆ ಇಬ್ಬರೂ ಅತ್ತರು. ನಾನು ನಡುವೆ ಮಾತಾಡಲಿಲ್ಲ.

ನಂತರ ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಹಣದ್ದು. ಮಗಳ ಬಂಗಾರ ಬಿಡಿಸಿಕೊಳ್ಳುವವರೆಗೆ ಬಣ್ಣ, ಕ್ರೋಮ್, ಬಂಪರುಗಳ ಕೆಲಸ ನಿಲ್ಲಲಿ. ಆಮೇಲೆಯೂ ಗಂಡಹೆಂಡತಿ ಕೂಡಿ ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡಿಕೊಳ್ಳಲಿ, ಸಾಲ ಬೇಡ. ಪುಣ್ಯಸ್ಮರಣೆಗೂ ಗಾಡಿಗೂ ಇದ್ದ ಗಡುವಿನ ನಂಟನ್ನು ಕಡಿಯಿರಿ ಎಂದೆ. ಇದಕ್ಕೆ ಮಗಳು ಸುಲಭವಾಗಿ ಒಪ್ಪಲಿಲ್ಲ. "ಆ ದಿನಕ್ಕಾದರೂ ಮಾತು ಉಳಿಸಿಕೊಳ್ಳಬೇಡವೇ?" ಎಂದರು. ತಂದೆ ಕೇಳಿದ್ದು ಸ್ಟಾರ್ಟ್ ಮಾಡಿಸಿ ಎಂದು, ಹೊಳೆಯುವಂತೆ ಮಾಡಿ ಎಂದಲ್ಲ ಎಂದು ನೆನಪಿಸಿದೆ. ಅದು ಅವರಿಗೆ ನಾಟಿತು.

ಎರಡನೆಯದು, ಏನನ್ನು ಹೊಸದು ಮಾಡಬೇಕು, ಏನನ್ನು ಮುಟ್ಟಬಾರದು ಎಂಬುದು. ಇದಕ್ಕಾಗಿ ನಾನೂ ಗ್ಯಾರೇಜಿಗೆ ಹೋಗಿ ಮೇಸ್ತ್ರಿಯವರ ಜೊತೆ ಕುಳಿತೆ. ಹಳೆಯ ವಾಹನಗಳನ್ನು ಪ್ರೀತಿಸುವವರಲ್ಲಿ ಎರಡು ದಾರಿಗಳಿವೆ: ತಯಾರಾದ ದಿನ ಇದ್ದಂತೆ ಮಾಡುವುದು, ಅಥವಾ ಬಾಳಿದ ಗುರುತುಗಳ ಸಮೇತ ಇದ್ದಂತೆಯೇ ಉಳಿಸುವುದು. ನೆನಪಿಗಾಗಿ ಮಾಡುವವರಿಗೆ ಎರಡನೆಯದೇ ಒಗ್ಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೊಸದರಂತೆ ಮಾಡಿದ ಗಾಡಿ ತಂದೆ ಅದನ್ನು ಮುಟ್ಟುವ ಮುಂಚಿನ ಗಾಡಿ; ಅದರಲ್ಲಿ ಅವರೇ ಇರುವುದಿಲ್ಲ. ಆದರೆ ಜೀವ ಕಾಯುವ ಭಾಗಗಳಲ್ಲಿ ರಾಜಿ ಬೇಡ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಂಡು ಒಳಗಿನ ಸಿಲಿಂಡರುಗಳಿಗೆ ತುಕ್ಕು ಹಿಡಿಸುತ್ತದೆ. ನಿಂತ ಟೈರುಗಳ ರಬ್ಬರು ಗಡುಸಾಗಿ ಬಿರಿಯುತ್ತದೆ. ಪೆಟ್ರೋಲ್ ಪೈಪು, ವೈರಿಂಗ್, ತುಕ್ಕು ತಿಂದ ತಳದ ತಗಡು, ಇವೆಲ್ಲ ಬದಲಾಗಲೇಬೇಕು. ಎಂಜಿನ್ ಜಾಮ್ ಆಗಿದ್ದನ್ನು ಮೇಸ್ತ್ರಿ ಒತ್ತಾಯದಿಂದ ತಿರುಗಿಸಿರಲಿಲ್ಲ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಿಂದ ಎಣ್ಣೆ ಬಿಟ್ಟು, ದಿನಗಟ್ಟಲೆ ನೆನೆಯಲು ಬಿಟ್ಟು, ಕೈಯಿಂದ ಇಷ್ಟಿಷ್ಟೇ ತಿರುಗಿಸಿ ಸಡಿಲಿಸಿದ್ದರು. ಅವರ ತಾಳ್ಮೆಯನ್ನು ಮಗಳಿಗೆ ತೋರಿಸಿದೆ.

ಡಿಕ್ಕಿಯ ಮುಚ್ಚಳವನ್ನು ಎತ್ತಿದಾಗ ಒಳಮೈಯಲ್ಲಿ ಸೀಸದಕಡ್ಡಿಯ ಸಾಲುಗಳು ಕಂಡವು. ಎಣ್ಣೆ ಬದಲಿಸಿದ ತಾರೀಕು, ಕಿಲೋಮೀಟರು, ಕೊಟ್ಟ ರೂಪಾಯಿ. ಅಂಗಡಿಯ ಖಾತೆ ಪುಸ್ತಕದ ಅದೇ ಓರೆ ಅಕ್ಷರ. ಬಣ್ಣ ಹೊಡೆಯುವ ಮುನ್ನ ಉಜ್ಜಿ ತೆಗೆಯಲು ಗುರುತು ಹಾಕಿಯಾಗಿತ್ತು. ಅದನ್ನು ಹಾಗೆಯೇ ಬಿಡಲು ಹೇಳಿದೆವು. ಹಿಂದಿನ ಸೀಟನ್ನು ಇನ್ನೂ ಬಿಚ್ಚಿರಲಿಲ್ಲ. ಆ ದಿನ ಜೊತೆಗೆ ಬಂದಿದ್ದ ತಾಯಿ ಅದರ ಎಡಮೂಲೆಯ ಕುಸಿದ ಜಾಗವನ್ನು ತೋರಿಸಿ, "ಇದು ನಾನು ಕೂರುತ್ತಿದ್ದ ಜಾಗ, ಇದನ್ನು ತೆಗೆಯಬೇಡಿ" ಎಂದರು. ಹೋದ ಸೀಟು ಮತ್ತೆ ಸಿಗಲಿಲ್ಲ. ಸಿಗದಿದ್ದುದಕ್ಕೆ ಅಳು ಬಂದಾಗ ಅಳಬೇಕು, ತಡೆಯಬಾರದು ಎಂದು ಮಗಳಿಗೆ ಹೇಳಿದ್ದೇನೆ.

ತಮ್ಮನ ವಿಷಯದಲ್ಲಿ ಕಾನೂನು ನೆರವಿಗೆ ಬಂತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲು ಬರೆಯದೆ ತೀರಿಕೊಂಡವರ ಸ್ವಂತ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳು ಸಮಾನ ಹಕ್ಕುದಾರರು. ಗಾಡಿಯೂ ಆಸ್ತಿಯೇ. ಮಾರಲು ತಮ್ಮನೊಬ್ಬನಿಗೆ ಅಧಿಕಾರವಿಲ್ಲ, ತನ್ನದೆಂದು ಬಿಚ್ಚಿಹಾಕಲು ಅಕ್ಕನಿಗೂ ಇಲ್ಲ. ಅವನನ್ನು ಕರೆಸಿದಾಗ ತಿಳಿದದ್ದು, ತಂದೆಯ ಅಂಗಡಿಯ ಬಾಕಿಯನ್ನು ಅವನೊಬ್ಬನೇ ತೀರಿಸುತ್ತಿದ್ದ ಎಂಬುದು. ಮಾರುವ ಮಾತು ಬಂದದ್ದು ಅಲ್ಲಿಂದ. ಆ ಬಾಕಿಯ ಲೆಕ್ಕವನ್ನು ಮೂವರೂ ಕೂಡಿ ನೋಡಿದರು. ಗಾಡಿಯನ್ನು ತಾಯಿಯ ಹೆಸರಿಗೆ ಮಾಡಿಸಲು ಮಕ್ಕಳಿಬ್ಬರೂ ಒಪ್ಪಿಗೆ ಪತ್ರ ಬರೆದುಕೊಟ್ಟರು.

ಇಂಥ ಸ್ಥಿತಿಯಲ್ಲಿರುವ ಬೇರೆಯವರಿಗೂ ಬೇಕಾಗುವ ಮಾಹಿತಿ: ಮಾಲೀಕರು ತೀರಿಕೊಂಡರೆ ಮೂವತ್ತು ದಿನದೊಳಗೆ ಆರ್‌ಟಿಓ ಕಚೇರಿಗೆ ತಿಳಿಸಬೇಕು, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನಮೂನೆ 25ರಲ್ಲಿ ನವೀಕರಿಸಬೇಕು. ತಮ್ಮ ಗಾಡಿ ವಿಂಟೇಜ್, ಅದಕ್ಕೆ ಬೇರೆಯೇ ನಿಯಮ ಎಂದು ಮಗಳು ತಿಳಿದಿದ್ದರು. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ವಾಹನಗಳಿಗೆ ಮಾತ್ರ ಆ ಮಾನ್ಯತೆ. 1982ರ ಗಾಡಿಗೆ ಅದು ಸಿಗುವುದಿಲ್ಲ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಇವರ ಗಾಡಿಯ ಮೂಲ ನೋಂದಣಿ ಚಿತ್ರದುರ್ಗದ್ದಾದ್ದರಿಂದ ಹಳೆಯ ಕಾಗದಪತ್ರಗಳಿಗಾಗಿ ತಮ್ಮನೇ ಅಲ್ಲಿಗೆ ಓಡಾಡಿದ.

ಪುಣ್ಯಸ್ಮರಣೆ ಗಾಡಿಯಿಲ್ಲದೆ ನಡೆಯಿತು. ಬಂಗಾರ ಮನೆಗೆ ಬಂದಿದೆ. ಎಂಜಿನ್ ಓಡುತ್ತದೆ, ಬಣ್ಣದ ಕೆಲಸಕ್ಕೆ ಇನ್ನೂ ಸಮಯ ಬೇಕು. ಮಗಳ ನಿದ್ದೆ ಸುಧಾರಿಸಿರುವುದರಿಂದ ನಿಯಮಿತ ಭೇಟಿಗಳನ್ನು ನಿಲ್ಲಿಸಿದ್ದೇವೆ. ಒಂದು ಎಚ್ಚರಿಕೆಯನ್ನು ಮಾತ್ರ ಮೊದಲೇ ಕೊಟ್ಟಿದ್ದೇನೆ: ಇಂಥ ಕೆಲಸ ಮುಗಿದ ವಾರದಲ್ಲಿ ದುಃಖ ಮತ್ತೆ ಉಕ್ಕಿಬರಬಹುದು, ಕೈಗೆ ಕೆಲಸವಿಲ್ಲದಂತಾಗಿ ಖಾಲಿ ಅನ್ನಿಸಬಹುದು. ಆ ವಾರ ಒಬ್ಬರೇ ಇರಬೇಡಿ, ಮೊದಲ ಸಲ ಗಾಡಿ ಓಡಿಸುವಾಗ ಅವ್ವನೂ ತಮ್ಮನೂ ಜೊತೆಗಿರಲಿ, ಎರಡು ವಾರವಾದರೂ ಊಟ ನಿದ್ದೆ ಸರಿಹೋಗದಿದ್ದರೆ ನನ್ನಲ್ಲಿಗೆ ಬನ್ನಿ, ನಡುರಾತ್ರಿ ತಡೆಯಲಾಗದಿದ್ದರೆ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು ಎಂದಿದ್ದೇನೆ.